ಕಪ್ಪಾಗದ ಮೊಗ

1936ರ ಫೆಬ್ರವರಿ 8, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹರೂರು ಪೊಲೀಸ್ ಠಾಣೆಗೆ ಬಂದ ದೂರು ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಕಂಬೈನಲ್ಲೂರಿನ ಆಚೆ ಕನ್ನಡ ಮಾತಿನ ಒಕ್ಕಲುಗಳಿರುವ ಒಂದು ಸಣ್ಣ ಹಳ್ಳಿಯಿಂದ ಬಂದ ಚಿಕ್ಕಣ್ಣ ಎಂಬ ರೈತ, ತಮ್ಮ ಊರಮ್ಮನ ಬೆಳ್ಳಿಯ ಮೊಗ ಹೊಳೆಯುತ್ತಿದೆ ಎಂದು ದೂರಿದ.

“ಒಳೆದ್ರೆ ಒಳ್ಳೇದಲ್ವೇನಯ್ಯಾ? ಮಸಿ ಇಡಿದಿದ್ರೆ ಬಂದು ಏಳು,” ಎಂದ ಹೆಡ್ ಕಾನ್‌ಸ್ಟೆಬಲ್ ಮಾದಯ್ಯ. ಅವನೂ ಅದೇ ಸೀಮೆಯವನು; ಆ ಕಡೆಯವರ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ.

“ಅದೇ ಸಾಮಿ, ಮಸಿ ಇಡೀಬೇಕಾಗಿತ್ತು. ವರ್ಷ ಪೂರ್ತಿ ಪೆಟ್ಟಿಗೇಲಿದ್ದ ಬೆಳ್ಳಿ ಕಪ್ಪಾಗ್ದೆ ಇರ್ತದಾ?”

ಒಳಗೆ ಕುಳಿತಿದ್ದ ಸಬ್ ಇನ್ಸ್‌ಪೆಕ್ಟರ್ ಸುಬ್ಬರಾಯನ್ ಈ ಮಾತು ಕೇಳಿ ಎದ್ದು ಬಂದರು. ಅವರು ಸೇಲಂ ಪೇಟೆಯಲ್ಲಿ ಬೆಳೆದವರು. ಕನ್ನಡವನ್ನು ತಮಿಳಿನ ಧಾಟಿಯಲ್ಲಿ, ತಪ್ಪಿಲ್ಲದೆ ಆಡುತ್ತಿದ್ದರು. ಚಿಕ್ಕಣ್ಣನನ್ನು ಬೆಂಚಿನ ಮೇಲೆ ಕೂರಿಸಿ ಮೊದಲಿನಿಂದ ಹೇಳಿಸಿದರು.

ಆ ಊರಿನ ಕಟ್ಟಳೆ ಹೀಗಿತ್ತು. ಅಮ್ಮನ ಬೆಳ್ಳಿಯ ಮೊಗ, ಹಿತ್ತಾಳೆಯ ದೀಪಗಳು, ತಾಮ್ರದ ಚೊಂಬು ಎಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ ಸರದಿಯ ಮೇಲೆ ಒಂದೊಂದು ವರ್ಷ ಒಂದೊಂದು ಮನೆಯಲ್ಲಿರುತ್ತವೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿದ್ದರೆ ಬೀಗದ ಕೈ ಮುಂದಿನ ಸರದಿಯವರ ಮನೆಯಲ್ಲಿ. ಪುಷ್ಯ ಕಳೆದ ಮೇಲೆ ಒಂದು ಶುಕ್ರವಾರ ಪೆಟ್ಟಿಗೆ ತೆರೆದು, ಅಮ್ಮನಿಗೆ ಮೊಗ ತೊಡಿಸಿ, ಮುಂದಿನ ಶುಕ್ರವಾರ ಮತ್ತೆ ಒಳಗಿಟ್ಟು ಬೀಗ ಹಾಕುತ್ತಾರೆ. ಒಪ್ಪಿಸುವ ಮನೆಯವರು ಏನನ್ನೂ ತೊಳೆಯುವಂತಿಲ್ಲ. ಕಪ್ಪಾದದ್ದನ್ನು ಕಪ್ಪಾಗಿಯೇ ಒಪ್ಪಿಸಬೇಕು. ವರ್ಷವಿಡೀ ಯಾರೂ ಅದನ್ನು ಮುಟ್ಟಲಿಲ್ಲ ಎಂಬುದಕ್ಕೆ ಆ ಕಪ್ಪೇ ಗುರುತು. ಪಡೆದ ಮನೆಯ ಹೆಂಗಸರು ಅಂಗಳದಲ್ಲಿ ಕುಳಿತು ಮೊದಲು ಲೋಹ ಲೋಹವನ್ನು ಬೇರೆಮಾಡಿ ಗುಂಪು ಹಾಕುತ್ತಾರೆ: ಹಿತ್ತಾಳೆಗೂ ತಾಮ್ರಕ್ಕೂ ಹುಣಸೇಹಣ್ಣು, ಬೆಳ್ಳಿಗೆ ಅಂಟವಾಳದ ನೀರು ಮತ್ತು ವಿಭೂತಿ. ಒಂದರ ಮದ್ದು ಇನ್ನೊಂದಕ್ಕೆ ಸೋಕಬಾರದು.

ಈ ವರ್ಷ ಪೆಟ್ಟಿಗೆ ನಂಜಪ್ಪನ ಮನೆಯಿಂದ ಚಿಕ್ಕಣ್ಣನ ಮನೆಗೆ ಬರಬೇಕಿತ್ತು. ಶುಕ್ರವಾರ ಪೆಟ್ಟಿಗೆ ತೆರೆದಾಗ ದೀಪಗಳು ಕಂದಿದ್ದವು, ಚೊಂಬು ಕರೆಗಟ್ಟಿತ್ತು. ಮೊಗ ಮಾತ್ರ ಫಳಫಳ ಹೊಳೆಯುತ್ತಿತ್ತು. ಚಿಕ್ಕಣ್ಣನ ಹೆಂಡತಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. ಅದನ್ನು ಯಾವ ಗುಂಪಿಗೆ ಹಾಕಬೇಕೆಂದು ಅವಳಿಗೆ ತಿಳಿಯಲಿಲ್ಲ.

“ಯಾರ ಮೇಲೆ ಅನುಮಾನ?” ಎಂದು ಸುಬ್ಬರಾಯನ್ ಕೇಳಿದರು.

“ನಾನು ಯಾರ ಎಸ್ರೂ ಏಳಲ್ಲ ಸಾಮಿ. ಬೆಳ್ಳಿ ಮೊಗ ಕದ್ದು ಬೇರೇದು ಇಟ್ಟವ್ರೆ ಅಂತ ಊರು ಏಳ್ತೈತೆ. ನಂಜಪ್ಪನ ಸೊಸೆ ಮಂಜುಳಮ್ಮ. ಅವಳಣ್ಣ ಪಾಪಣ್ಣ ಮೆಟ್ಟೂರು ಡ್ಯಾಮಿನ ವರ್ಕ್‌ಷಾಪಲ್ಲಿ ಫಿಟ್ಟರು. ಬೀಗಕ್ಕೊಂದು ಕಳ್ಳ ಕೈ ಮಾಡೋದು ಅವನಿಗೆ ಯಾವ ಲೆಕ್ಕ? ಬರೋ ಶುಕ್ರವಾರ ಅವಳು ಗುಡೀಲಿ ಕರ್ಪೂರ ಆರಿಸಿ ಆಣೆ ಮಾಡ್ಬೇಕು, ಆಮೇಲೆ ತವರಿಗೆ ಓಗ್ಬೇಕು ಅಂತ ಪಂಚಾಯ್ತಿ ಆಗೈತೆ.”

“ಆಣೆ ಮಾಡಿದ ಮೇಲೂ ಹೋಗಬೇಕೇ?”

“ಮಾನ ಓಯ್ತಲ್ಲ ಸಾಮಿ. ಆ ಮನೇಲಿ ಇನ್ನೆಂಗಿರ್ತಾಳೆ?”

ಮನೆಯೊಳಗಿನ ಕಳವು ಎಂದು ದಂಡಸಂಹಿತೆಯ 380ನೆಯ ಕಲಮಿನ ಅಡಿ ಎಫ್‌ಐಆರ್ ದಾಖಲಾಯಿತು.

ಅದೇ ಮಧ್ಯಾಹ್ನ ಮೂರು ಗಂಟೆಗೆ ಸುಬ್ಬರಾಯನ್ ಮತ್ತು ಮಾದಯ್ಯ ಹಳ್ಳಿಯ ಗುಡಿಯ ಮುಂದಿದ್ದರು. ಪಂಚನಾಮೆಗೆ ಮುನ್ನ ವಸ್ತು ಯಾವುದೆಂದು ನಿರ್ಧಾರವಾಗಬೇಕಿತ್ತು. ಊರಿನ ಅಕ್ಕಸಾಲಿಗ ಗೋವಿಂದಪ್ಪನನ್ನು ಕರೆಸಿದರು. ಅರವತ್ತು ದಾಟಿದ ಆತ ಒರೆಗಲ್ಲನ್ನು ಪಂಚೆಯ ತುದಿಯಿಂದ ಒರೆಸಿ, ಮೊಗದ ಅಂಚನ್ನು ಉಜ್ಜಿ ಗೆರೆ ಎಳೆದು, ಅದರ ಮೇಲೊಂದು ಹನಿ ದ್ರಾವಕ ಬಿಟ್ಟ. ಗೆರೆ ಹಸಿರಾಗಿ ಕರಗಿಹೋಯಿತು.

“ಬೆಳ್ಳಿಯಾ ಆಚಾರಿ?”

“ಅಲ್ಲ ಸಾಮಿ. ಜರ್ಮನ್ ಬೆಳ್ಳಿ. ತಾಮ್ರ, ನಿಕ್ಕಲು, ಸತು. ಎಸ್ರು ಮಾತ್ರ ಬೆಳ್ಳಿ.”

“ಖಾತ್ರಿಯಾ?”

“ಕಲ್ಲು ಸುಳ್ಳಾಡಲ್ಲ.”

ಒಬ್ಬನ ಮಾತಿನ ಮೇಲೆ ಪಂಚನಾಮೆ ಬರೆಯುವುದು ಸುಬ್ಬರಾಯನ್ ಅವರ ಪದ್ಧತಿಯಲ್ಲ. ಅವರು ಒಂದು ಕೋಳಿಮೊಟ್ಟೆ ಬೇಯಿಸಿ ತರಲು ಹೇಳಿದರು. ಜನ ಮುಖ ಮುಖ ನೋಡಿಕೊಂಡರು.

“ಅಮ್ಮನ ಮೊಕಕ್ಕೆ ಮೊಟ್ಟೆ ಬಳೀತೀರಾ?” ಎಂದ ಪೂಜಾರಿ.

“ವರ್ಸಾ ವರ್ಸಾ ಕೋಳೀನೇ ಕೊಯ್ತೀಯ, ಮೊಟ್ಟೆಗೇನ್ಲಾ ನಿಂದು?” ಎಂದು ಹಿಂದಿನಿಂದ ಯಾವುದೋ ಮುದುಕಿ ಅಂದಳು. ಪೂಜಾರಿ ಪಕ್ಕಕ್ಕೆ ಸರಿದ.

ಬೆಂದ ಹಳದಿಯನ್ನು ಸುಬ್ಬರಾಯನ್ ತಮ್ಮ ಜೇಬಿನ ಬೆಳ್ಳಿ ರೂಪಾಯಿಗೂ ಮೊಗದ ಉದ್ದಗಲಕ್ಕೂ ಬಳಿದು, ಎರಡನ್ನೂ ಬಾಳೆ ಎಲೆಯಲ್ಲಿ ಮುಚ್ಚಿಟ್ಟರು. ಊರೆಲ್ಲ ಸುತ್ತ ಕುಳಿತು ಕಾಯಿತು. ಸ್ವಲ್ಪ ಹೊತ್ತಿನ ಮೇಲೆ ತೊಳೆದು ನೋಡಿದರೆ ರೂಪಾಯಿಯ ಮೇಲಿನ ದೊರೆಯ ಮುಖ ಹೊಗೆ ಹಿಡಿದ ಗೋಡೆಯಂತೆ ಕರ್ರಗಾಗಿತ್ತು. ಅಮ್ಮನ ಮೊಗ ಹೊಳೆಯುತ್ತಲೇ ಇತ್ತು. ಆದರೆ ಎಡಗಿವಿಯ ಹಿಂದೆ, ಮೊದಲು ಯಾರೂ ಗಮನಿಸದಿದ್ದ ಕಡೆ, ಕೂದಲೆಳೆಯಷ್ಟು ತೆಳುವಾದ ಒಂದು ಕಪ್ಪು ಗೆರೆ ಮೂಡಿತ್ತು.

“ಇದೇನು?”

“ಬೆಸುಗೆ ಸಾಮಿ,” ಎಂದ ಗೋವಿಂದಪ್ಪ.

ಮುಂದಿನ ಪ್ರಶ್ನೆಗೆ ಅವಕಾಶವಾಗಲಿಲ್ಲ. ನಂಜಪ್ಪನ ಹೆಂಡತಿ ಸಿದ್ದಲಕ್ಷ್ಮಮ್ಮ ಗುಂಪನ್ನು ಸೀಳಿಕೊಂಡು ಬಂದು ಎರಡು ಲೋಟಗಳನ್ನು ಸಬ್ ಇನ್ಸ್‌ಪೆಕ್ಟರರ ಮುಂದೆ ಇಟ್ಟಳು. ಅವೂ ಹೊಳೆಯುತ್ತಿದ್ದವು.

“ನೋಡಿ ಸಾಮಿ, ಜರ್ಮನ್ ಬೆಳ್ಳಿ! ಇವಳ ಅಣ್ಣ ಓದ ದೀಪಾವಳಿಗೆ ತಂದ್ಕೊಟ್ಟಿದ್ದು. ಲೋಟ ತಂದೋನು ಮೊಕ ತರಲ್ವಾ?”

ಅವಳ ಹಿಂದೆ ಮಂಜುಳಮ್ಮ ನಿಂತಿದ್ದಳು. ಮದುವೆಯಾಗಿ ಎರಡು ವರ್ಷವಾಗಿದ್ದ ಹುಡುಗಿ. ನಂಜಪ್ಪನ ಮನೆಯ ಜಗಲಿಯ ಮೇಲೆ ಅವಳ ಸೀರೆಗಳ ಗಂಟು ಆಗಲೇ ಕಟ್ಟಿ ಇಟ್ಟಿತ್ತು. ಸುಬ್ಬರಾಯನ್ ಗಂಟನ್ನು ನೋಡಿದರು. ಮೊಗವನ್ನೂ ಲೋಟಗಳನ್ನೂ ಪಂಚರ ಸಮಕ್ಷಮ ವಶಪಡಿಸಿಕೊಂಡು, ಪಾಪಣ್ಣನಿಗೆ ಬರಹೇಳಿ ಕಳುಹಿಸಿದರು.

ಪಾಪಣ್ಣನನ್ನು ಹಿಡಿದು ತರಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಮೆಟ್ಟೂರು ಕಡೆಯ ಬಸ್ಸಿಳಿದು, ಹರೂರಿನಿಂದ ಬಾಡಿಗೆ ಸೈಕಲ್ ತುಳಿದುಕೊಂಡು ಹಳ್ಳಿಗೇ ಬಂದ. ಕೋಪದಿಂದ ಅವನ ಮಾತು ಅರ್ಧ ತಮಿಳಾಗಿತ್ತು.

“ಲೋಟ ಕೊಟ್ಟಿದ್ದು ನಾನೇ ಸಾರ್. ಸೇಲಂ ಕಡೈಲಿ, ಪಾತ್ರೆ ಅಂಗಡೀಲಿ ತಕ್ಕೊಂಡೆ. ಬೆಳ್ಳಿ ಲೋಟಕ್ಕೆ ಬಿಸಿ ಕಾಪಿ ಉಯ್ದ್ರೆ ಬೆರಳು ಬೆಂದೋಗ್ತೈತೆ. ಇದು ಅಷ್ಟು ಬೇಗ ಕಾಯಲ್ಲ. ನಮ್ಮ ತಂಗಿ ಕೈ ಸುಡ್ದೆ ಇರ್ಲಿ ಅಂತ ತಂದೆ. ಈಗ ಇವ್ರು ಅವಳ ಬಾಳನ್ನೇ ಸುಡ್ತಾವ್ರೆ.”

ಸುಬ್ಬರಾಯನ್ ಮೊಗವನ್ನು ಅವನ ಕೈಗೆ ಕೊಟ್ಟರು. “ಕಿವಿಯ ಹಿಂದೆ ನೋಡು. ಈ ಕೆಲಸ ನೀನು ಮಾಡಬಲ್ಲೆಯಾ?”

ಪಾಪಣ್ಣ ಅದನ್ನು ಬಿಸಿಲಿಗೆ ತಿರುಗಿಸಿ ನೋಡಿದ. ಕೋಪ ಇಳಿದು ಮುಖದಲ್ಲಿ ಕುತೂಹಲ ಬಂತು.

“ಕಪ್ಪಾಗೈತಲ್ಲ ಸಾರ್, ಇದು ಬೆಳ್ಳಿ ಬೆಸುಗೆ. ನಾವು ಆಕೋದು ತವರ, ಸೀಸ. ಬೆಳ್ಳಿ ಬೆಸುಗೆ ಫಿಟ್ಟರಿಗೆ ಯಾವಾನ್ ಕೊಡ್ತಾನೆ? ಇದು ಆಚಾರಿ ವೇಲೆ, ಆಚಾರಿ ಮಾಡೋ ಕೆಲ್ಸ.”

ಸುಬ್ಬರಾಯನ್ ಅಷ್ಟಕ್ಕೇ ನಿಲ್ಲದೆ ಬೀಗವನ್ನು ತರಿಸಿದರು.

“ಶುಕ್ರವಾರ ಇದು ಸುಲಭವಾಗಿ ತೆರೆಯಿತೇ?” ಎಂದು ಚಿಕ್ಕಣ್ಣನನ್ನು ಕೇಳಿದರು.

“ಎಲ್ಲಿ ಸಾಮಿ! ತುಕ್ಕು ಇಡ್ದು ಕೂತಿತ್ತು. ಎಣ್ಣೆ ಬಿಟ್ಟು, ಬಡ್ದು, ಆಮೇಲೆ ತಿರುಗ್ತು.”

“ನಡುವೆ ಯಾರಾದರೂ ಕಳ್ಳ ಕೈ ಹಾಕಿದ್ದರೆ?”

ಚಿಕ್ಕಣ್ಣ ಬೀಗವನ್ನು ನೋಡಿದ, ನೆಲವನ್ನು ನೋಡಿದ. “ಅಷ್ಟು ಕಚ್ಕೊಂಡಿರ್ತಿರ್ಲಿಲ್ಲ,” ಎಂದ.

ಹಾಗಾದರೆ ಪೆಟ್ಟಿಗೆ ಮುಚ್ಚುವಾಗಲೇ ಒಳಗಿದ್ದದ್ದು ಜರ್ಮನ್ ಬೆಳ್ಳಿ. ಹೋದ ವರ್ಷ ತೆರೆದಾಗ ಮೊಗ ಕಪ್ಪಾಗಿತ್ತೆಂದು, ಅಂದರೆ ಬೆಳ್ಳಿಯೇ ಆಗಿತ್ತೆಂದು, ಊರೆಲ್ಲ ಕಂಡಿತ್ತು. ಬದಲಾವಣೆ ನಡೆದದ್ದು ತೆರೆದ ದಿನದಿಂದ ಮುಚ್ಚಿದ ದಿನದವರೆಗಿನ ಆ ಒಂದು ವಾರದೊಳಗೆ. ಸುಬ್ಬರಾಯನ್ ಮಂಜುಳಮ್ಮನನ್ನು ಮೊದಲ ಸಲ ನೇರವಾಗಿ ಮಾತಾಡಿಸಿದರು.

“ಆ ವಾರ ಮೊಗ ಗುಡಿಯಿಂದ ನಿಮ್ಮ ಮನೆಗಲ್ಲದೆ ಇನ್ನೆಲ್ಲಿಗಾದರೂ ಹೋಗಿತ್ತೇನಮ್ಮಾ?”

ಅವಳು ಅತ್ತೆಯ ಕಡೆ ನೋಡಿದಳು.

“ನಿನ್ನ ಕೇಳಿದ್ದು.”

“ಎಲ್ಗೂ ಇಲ್ಲ ಸಾಮಿ. ಶುಕ್ರವಾರ ಪೂಜಾರಪ್ಪ ಇಳಿಸೋವಾಗ ಕಿವಿ ಸೀಳ್ತು. ಆಚಾರಿ ಬೆಸುಗೆ ಆಕಿ ಸಂಜೆಗೆ ತಂದ್ಕೊಟ್ರು. ಪೆಟ್ಟಿಗೆಗೆ ಇಟ್ವಿ.”

“ಆಚಾರಿಯ ಮನೆಗೆ ಹೋಗಿತ್ತು.”

“ಊಂ. ಆದ್ರೆ ಆಚಾರಿ ಕೈಗೆ ಕೊಡೋದು ಕೊಟ್ಟಂಗಾ ಸಾಮಿ?”

ಊರಿನವರೆಲ್ಲ ಹಾಗೆಯೇ ಎಣಿಸಿದ್ದರು. ಸೀಳಿದ ಕಿವಿಯನ್ನು ಎಲ್ಲರೂ ಕಂಡಿದ್ದರು; ಬೆಸುಗೆಗೆ ಕೊಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಮೊಗ ಎಲ್ಲಿಗೂ ಹೋಗಿರಲಿಲ್ಲ ಎಂದು ಎರಡು ದಿನಗಳಿಂದ ಒಬ್ಬೊಬ್ಬರೂ ಪ್ರಾಮಾಣಿಕವಾಗಿ ಹೇಳಿದ್ದರು.

ಸಂಜೆ ನಾಲ್ಕು ಗಂಟೆಗೆ ಸುಬ್ಬರಾಯನ್ ಪಂಚರೊಂದಿಗೆ ಗೋವಿಂದಪ್ಪನ ಮನೆಗೆ ಹೋದರು. ಆತ ಕುಲುಮೆಯ ಪಕ್ಕದಲ್ಲಿ ಕುಳಿತಿದ್ದ. ಬೆಂಕಿ ಇರಲಿಲ್ಲ.

“ಕಿವಿಯ ಬೆಸುಗೆ ಯಾರದು?”

“ನಂದೇ.”

“ಮೊಗ?”

“ಎರಡೂ ನಂದೇ ಸಾಮಿ. ಬೆಳ್ಳೀದು ಹದಿನೆಂಟು ವರ್ಷದ ಇಂದೆ ಮಾಡಿದ್ದು. ಅಚ್ಚು ಇನ್ನೂ ಅಟ್ಟದ ಮೇಲೈತೆ. ಅದೇ ಅಚ್ಚಲ್ಲಿ ಇದನ್ನ ಬಡ್ದು ಇಟ್ಕೊಂಡಿದ್ದೆ. ಕಿವಿ ಸೀಳಿ ನನ್ನ ಕೈಗೆ ಬಂದಾಗ ಬದಲಾಯಿಸ್ದೆ.”

“ಹೊಸ ಮೊಗ ಸೀಳಿರಲಿಲ್ಲವಲ್ಲ. ಬೆಸುಗೆ ಯಾಕೆ?”

“ಸೀಳಿದ್ದನ್ನ ಎಲ್ರೂ ನೋಡವ್ರೆ. ಬೆಸುಗೆ ಕಾಣ್ದಿದ್ರೆ ಕೇಳ್ತಾರೆ.”

“ನಿನ್ನೆಯೇ ಯಾಕೆ ಹೇಳಲಿಲ್ಲ?”

“ಲೋಹ ಯಾವ್ದು ಅಂತ ಕೇಳಿದ್ರಿ, ಏಳ್ದೆ. ಅದರಲ್ಲಿ ಸುಳ್ಳಾಡೋಕೆ ನನಗೆ ಬರಲ್ಲ.”

“ಆ ಹುಡುಗಿ ಗಂಟು ಕಟ್ಟಿಕೊಂಡು ಕೂತಿದ್ದಳು. ಅದಕ್ಕೇನು ಹೇಳುತ್ತೀ?”

“ಶುಕ್ರವಾರದೊಳಗೆ ಏಳ್ಬೇಕು ಅಂತಿದ್ದೆ,” ಎಂದ. ಅವನು ಹೇಳುತ್ತಿದ್ದನೋ ಇಲ್ಲವೋ ಎಂಬುದನ್ನು ಸುಬ್ಬರಾಯನ್ ತಮ್ಮ ವರದಿಯಲ್ಲಿ ಬರೆಯಲಿಲ್ಲ.

ಕುಲುಮೆಯ ಬೂದಿಯ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಗಟ್ಟಿಯೊಂದು ಸಿಕ್ಕಿತು. ಮೊಗವನ್ನು ಕರಗಿಸಿ ಎರೆದದ್ದು, ಮಾರಿರಲಿಲ್ಲ. ತೂಗಿದಾಗ ಮೊಗದ ತೂಕಕ್ಕಿಂತ ಸ್ವಲ್ಪ ಕಡಿಮೆಯಿತ್ತು.

“ಮಿಕ್ಕಿದ್ದು?”

ಆತ ಒಳಕೋಣೆಯ ಕಡೆ ಕೈ ತೋರಿಸಿದ. ಅಲ್ಲಿ ಅವನ ಹೆಂಡತಿ ವಳ್ಳಿಯಮ್ಮ ಗೋಡೆಗೆ ಒರಗಿ ಕುಳಿತು, ತೊಡೆಯ ಮೇಲಿನ ತುಂಡುಬಟ್ಟೆಯಲ್ಲಿ ಒಂದು ಜೊತೆ ಕಾಲ್ಗಡಗಗಳನ್ನು ವಿಭೂತಿ ಹಾಕಿ ಉಜ್ಜುತ್ತಿದ್ದಳು. ಮೂರು ಬೆರಳು ಕೂಡ ತೂರದಷ್ಟು ಚಿಕ್ಕವು, ಮಗುವಿನವು.

ಮುಂದಿನದನ್ನು ಗೋವಿಂದಪ್ಪ ಹೊರಗೆ ಬಂದು ಹೇಳಿದ. ಹದಿನೆಂಟು ವರ್ಷದ ಹಿಂದೆ, ವಿಷಜ್ವರ ಹಬ್ಬಿದ ವರ್ಷ, ಸಾವು ನಿಲ್ಲಲೆಂದು ಊರು ಅಮ್ಮನಿಗೆ ಬೆಳ್ಳಿಯ ಮೊಗ ಹರಸಿಕೊಂಡು, ಮನೆಮನೆಯಿಂದ ಬೆಳ್ಳಿ ಎತ್ತಿತ್ತು. ಅವನ ಒಬ್ಬಳೇ ಮಗಳು ಜ್ವರದಲ್ಲಿ ಮಲಗಿದ್ದಳು. ಮಗು ಉಳಿಯಲೆಂದು ಅವಳ ಕಾಲ್ಗಡಗಗಳನ್ನೇ ಬಿಚ್ಚಿ ಮೂಸೆಗೆ ಹಾಕಿದ. ಮೊಗ ಸಿದ್ಧವಾಗುವ ಮೊದಲೇ ಮಗು ಹೋಯಿತು. ಈಚಿನ ವರ್ಷಗಳಲ್ಲಿ ವಳ್ಳಿಯಮ್ಮನಿಗೆ ನೆನಪು ತಪ್ಪತೊಡಗಿ, ದಿನವೂ ಕಾಲ್ಗಡಗ ಎಲ್ಲಿ ಎಂದು ಕೇಳುತ್ತಿದ್ದಳು. ಹಿರಿಯರ ಬಳಿ ಅಷ್ಟು ಬೆಳ್ಳಿ ಹಿಂದಕ್ಕೆ ಬೇಡಿದ. ಅಮ್ಮನಿಗೆ ಕೊಟ್ಟದ್ದು ಕೊಟ್ಟದ್ದೇ ಎಂದರು. ಜರ್ಮನ್ ಬೆಳ್ಳಿಯಲ್ಲಿ ಒಂದು ಜೊತೆ ಮಾಡಿಕೊಟ್ಟ. ಕೆಲವು ತಿಂಗಳು ನೋಡಿ ಅವಳು ಅವನ್ನು ಹಿತ್ತಲಿಗೆ ಎಸೆದಳು.

“ಇವು ಕಪ್ಪಾಗಲ್ಲ, ನಮ್ಮ ಮಗೀವಲ್ಲ, ಅಂದ್ಲು ಸಾಮಿ. ಬೇರೆ ಬೆಳ್ಳೀಲಿ ಮಾಡಬೋದಿತ್ತು. ಅವಳಿಗೆ ತಿಳೀತಿರ್ಲಿಲ್ಲ. ನನಗೆ ತಿಳೀತಿತ್ತು.”

380ನೆಯ ಕಲಮು ತಿದ್ದಿ, ನಂಬಿಕೆದ್ರೋಹದ 406 ಎಂದು ಬದಲಾಯಿತು. ಗೋವಿಂದಪ್ಪನನ್ನು ದಸ್ತಗಿರಿ ಮಾಡಿದರು. ಕಾಲ್ಗಡಗಗಳೂ ಮೊಗದ ಬೆಳ್ಳಿಯಿಂದಾದ ಮುದ್ದೆಮಾಲೇ ಆದ್ದರಿಂದ ತೆಗೆದುಕೊಳ್ಳಲೇಬೇಕಿತ್ತು. ಮಾದಯ್ಯ ಒಳಗೆ ಹೋಗಿ ಕೈ ಚಾಚಿದಾಗ ವಳ್ಳಿಯಮ್ಮ ತಕರಾರಿಲ್ಲದೆ ಕೊಟ್ಟಳು.

“ತೊಳ್ಯೋಕಾ?” ಎಂದಳು.

“ಊಂ ಅವ್ವಾ, ತೊಳ್ಯೋಕೆ.”

“ಉಣಸೇಹಣ್ಣು ಆಕ್ಬೇಡ ಕಣಪ್ಪಾ. ಅಂಟವಾಳ ಸಾಕು.”

ಆ ಸಂಜೆಯೇ ಸಿದ್ದಲಕ್ಷ್ಮಮ್ಮ ಜಗಲಿಯ ಮೇಲಿದ್ದ ಗಂಟನ್ನು ಯಾರೊಂದಿಗೂ ಮಾತಾಡದೆ ಒಳಗೆ ಒಯ್ದಳು. ಗೋವಿಂದಪ್ಪನಿಗೆ ಶಿಕ್ಷೆಯಾಯಿತು, ದೀರ್ಘವಾದದ್ದಲ್ಲ. ನ್ಯಾಯಾಲಯ ಬೆಳ್ಳಿಯನ್ನು ಊರಿಗೆ ಮರಳಿಸಿದಾಗ ಕಾಲ್ಗಡಗಗಳು ಮತ್ತೆ ಕಪ್ಪಾಗಿದ್ದವಂತೆ.

ಅವನ್ನೇನು ಮಾಡಬೇಕೆಂಬ ಮಾತು ಬಂದಾಗ, ವಳ್ಳಿಯಮ್ಮನಿಗೇ ಇರಲಿ ಎಂದು ಮೊದಲು ಬಾಯಿ ತೆರೆದವರು ಯಾರೆಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಗಂಡಸರು ಹೇಳುವಾಗ ಅದು ಚಿಕ್ಕಣ್ಣ; ಹೆಂಗಸರು ಹೇಳುವಾಗ ಮಂಜುಳಮ್ಮ. ಸೇಲಂನಿಂದ ಬಂದ ಆಚಾರಿ ಅದೇ ಹಳೆಯ ಅಚ್ಚಿನಲ್ಲಿ ಹೊಸ ಮೊಗ ಬಡಿದ ಎಂಬುದನ್ನು ಎರಡು ಕಡೆಯವರೂ ಒಪ್ಪುತ್ತಾರೆ. ಬೆಳ್ಳಿ ಸ್ವಲ್ಪ ಸಾಲದೆ, ಅಮ್ಮನ ಕಿವಿಗಳನ್ನು ಹಿಂದಿನದಕ್ಕಿಂತ ಚಿಕ್ಕದು ಮಾಡಬೇಕಾಯಿತು.