ಪಕ್ಕದ ಹಾಸಿಗೆಯ ಉಸಿರು

ನಾನು ನರ್ಸ್, ದೆವ್ವ ಗಿವ್ವ ಅನ್ನುವವಳಲ್ಲ, ಎಣಿಸಿದ್ದನ್ನು ಬರೆಯುವವಳು. ಆಪರೇಷನ್ ಆದವರ ಉಸಿರು ಎಣಿಸುವಾಗ ಬಾಯಿ ಬಿಡುವುದಿಲ್ಲ, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡುವವಳಂತೆ ಸುಮ್ಮನೆ ಕೈ ಹಿಡಿದಿರುತ್ತೇನೆ.

ಎರಡು ಹಾಸಿಗೆಯ ಕೋಣೆಯಲ್ಲಿದ್ದ ಹರ್ನಿಯಾದ ತಾತನನ್ನು ನೋಡಲು ಮೂರು ದಿನದಿಂದ ಯಾರೂ ಬಂದಿರಲಿಲ್ಲ. ಆ ಮಧ್ಯಾಹ್ನ ಅವರ ಎದೆ ನಿಮಿಷಕ್ಕೆ ಹದಿನಾರು ಸಲ ಏರಿತು. ನನ್ನ ಕಿವಿಗೆ ಬಿದ್ದದ್ದು ಮೂವತ್ತೆರಡು ಉಸಿರು. "ಮೂವತ್ತೆರಡಾ?" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

"ಅದರಲ್ಲಿ ಅರ್ಧ ಪಕ್ಕದ ಹಾಸಿಗೆಯವಳದು ಕಣಮ್ಮ," ಎಂದರು ತಾತ. "ಪಾಪ, ಅವಳಿಗೂ ಯಾರೂ ಇಲ್ಲ."

ಪಕ್ಕದ ಹಾಸಿಗೆ ಖಾಲಿಯಿತ್ತು. ದಿಂಬು ಮುಟ್ಟಿದೆ, ಬೆಚ್ಚಗಿತ್ತು.

ಮರುದಿನ ತಾತ ಒಬ್ಬರೇ ಚೀಲ ಹಿಡಿದು ಮನೆಗೆ ಹೋದರು. ಆ ಖಾಲಿ ಕೋಣೆಯಲ್ಲಿ ನನ್ನ ಉಸಿರು ಬಿಗಿಹಿಡಿದು ಅರ್ಧ ನಿಮಿಷ ಎಣಿಸಿದೆ. ಎಂಟು. ಅಂದಿನಿಂದ ದಿನಾ ಎಣಿಸುತ್ತಿದ್ದೇನೆ. ಇವತ್ತು ನಾಲ್ಕಕ್ಕೆ ಇಳಿದಿದೆ. ಡಾಕ್ಟರನ್ನು ಯಾರ ಹೆಸರು ಹೇಳಿ ಕರೆಯಲಿ?