ಸೊಂಟದೆತ್ತರದ ಕಂಬಿ

"ಮೇಡಂ... ಮೇಡಂ, ನನ್ ಮಾತು ಕೇಳಿಸ್ತಿದೆಯಾ?"

ಖಾಲಿ ಹಾಲಿನ ನಟ್ಟನಡುವೆ ಕೈಕಾಲು ಚಾಚಿ ಅಂಗಾತ ಮಲಗಿದ್ದವಳ ಹೆಗಲನ್ನು ಯಾರೋ ಹಿಡಿದು ಅಲುಗಿಸಿದರು. ಅವಳು ಕಣ್ಣು ಬಿಡುವ ಮೊದಲೇ ಅವಳ ಕೈ ಕೆಲಸ ಮಾಡಿತು. ಮಣಿಕಟ್ಟು ಹಿಡಿದು ಒಂದೇ ಸೆಳೆತ! ಮರುಕ್ಷಣ ಅವಳು ಎದ್ದು ಕುಳಿತಿದ್ದಳು, ಅವನು ನೆಲದ ಮೇಲೆ ಬಿದ್ದಿದ್ದ.

"ಯಾರ್ ನೀವು?"

"ಜಿಮ್ ಸಾಮಾನಿನ ಅಂಗಡಿಯಿಂದ ಬಂದಿರೋದು. ಜಾಗ ಅಳತೆ ಮಾಡೋಕೆ ನೀವೇ ಬರೋಕೆ ಹೇಳಿದ್ರಿ," ಎಂದ ಅವನು ಚಾವಣಿಯನ್ನು ನೋಡುತ್ತ. "ಕೈ ಬಿಟ್ರೆ ಉಳಿದಿದ್ದನ್ನೂ ಹೇಳ್ತೀನಿ."

ಅವಳು ಗಾಬರಿಯಿಂದ ಕೈ ಬಿಟ್ಟಳು.

"ನೀವು ತಲೆ ತಿರುಗಿ ಬಿದ್ದಿದ್ದೀರ ಅಂದ್ಕೊಂಡೆ."

"ನಾನೂ ಅಳತೇನೇ ಮಾಡ್ತಿದ್ದೆ. ಒಬ್ಬೊಬ್ಬರಿಗೆ ಎಷ್ಟು ನೆಲ ಬೇಕಾಗತ್ತೆ ಅಂತ."

ಅವನು ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ, ಅವಳು ಸುತ್ತ ಎಳೆದಿದ್ದ ಸೀಮೆಸುಣ್ಣದ ಗೆರೆಗಳನ್ನು ನೋಡಿದ.

"ಮಲಗೋದಾದ್ರೆ ಇಷ್ಟು ಸಾಕು. ಎದ್ದು ಕೆಟಲ್‌ಬೆಲ್ ಗುಂಡು ಬೀಸೋದಾದ್ರೆ, ಪಕ್ಕದವರು ಹಲ್ಲಿನ ಆಸೆ ಬಿಟ್ಟುಬಿಡ್ಬೇಕು."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

ಅವಳನ್ನು ಎಲ್ಲರೂ ಕೋಚ್ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆತ್ತ ಅಮ್ಮ ಕೂಡ. ವರ್ಷಗಟ್ಟಲೆ ಬೇರೆಯವರ ಜಿಮ್‌ಗಳಲ್ಲಿ ದುಡಿದು, ಕೊನೆಗೆ ತನ್ನದೇ ಒಂದನ್ನು ತೆರೆಯಲು ಹೊರಟಿದ್ದಳು. ಹಿಂದೆ ಟೈರುಗಳ ಗೋದಾಮಾಗಿದ್ದ ಹಾಲನ್ನು ಬಾಡಿಗೆಗೆ ಹಿಡಿದಿದ್ದಳು. ಎಷ್ಟು ತೊಳೆದರೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಹೇಗೂ ನೆಲಕ್ಕೆ ರಬ್ಬರೇ ಹಾಸುವುದಲ್ಲವೇ ಎಂದು ಅವಳೇ ಸಮಾಧಾನ ಮಾಡಿಕೊಂಡಿದ್ದಳು.

ಸಾಲುಸಾಲು ಯಂತ್ರಗಳ, ಗೋಡೆ ತುಂಬ ಕನ್ನಡಿಗಳ ಜಿಮ್ ಅವಳಿಗೆ ಬೇಕಿರಲಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು, ಎರಡೂ ಕೈಯಲ್ಲಿ ಚೀಲ ಹಿಡಿದು ಮನೆಗೆ ನಡೆಯುವುದು, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸುವುದು... ದಿನದ ಬದುಕಿಗೆ ಬೇಕಾದ ಬಲವನ್ನು ಕಲಿಸುವ ಜಾಗ ಬೇಕಿತ್ತು. ಅದಕ್ಕೆ ಫಂಕ್ಷನಲ್ ಫಿಟ್ನೆಸ್ ಎಂಬ ದೊಡ್ಡ ಹೆಸರು.

"ಹೆಸರು ದೊಡ್ಡದು, ಕೆಲಸ ಮನೆಗೆಲಸ," ಎಂದು ಅಮ್ಮ ನಗುತ್ತಿದ್ದರು.

ಅವನಿಗಿಂತ ಮೊದಲು ಬಂದ ಅಂಗಡಿಯವರೆಲ್ಲ ಬಾಗಿಲಲ್ಲೇ ಟ್ರೆಡ್‌ಮಿಲ್‌ಗಳ ಚಿತ್ರ ತೋರಿಸಿದ್ದರು. ಇವನು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ಇಲ್ಲಿಗೆ ಯಾರ್ಯಾರು ಬರ್ತಾರೆ ಅಂದ್ಕೊಂಡಿದ್ದೀರ?"

ಅವಳು ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಯಾರೂ ಕೇಳಿರದ ಪ್ರಶ್ನೆಯನ್ನು ಇಷ್ಟು ಸಹಜವಾಗಿ ಕೇಳಿದನಲ್ಲ...

ಮುಂದಿನ ವಾರಗಳೆಲ್ಲ ಅಳತೆಯಲ್ಲಿ, ಜಗಳದಲ್ಲಿ, ಚಹಾದಲ್ಲಿ ಕಳೆದವು. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಸದಾ ಟೇಪು ಹಿಡಿದೇ ಓಡಾಡುವವನಿಗೆ, ಜಾಗ ನೋಡಲು ಬಂದ ಅಮ್ಮ ಟೇಪು ಎಂದೇ ಹೆಸರಿಟ್ಟರು. ಅವನೂ ಓಗೊಟ್ಟ.

"ಭಾರ ಎತ್ತೋ ಜಾಗ ಈ ಕಡೆ ಬೇಡ," ಎಂದ ಒಂದು ದಿನ. "ಗೋಡೆಯಾಚೆ ಹಲ್ಲಿನ ಡಾಕ್ಟರ ಕ್ಲಿನಿಕ್ ಇದೆ. ಅವರು ಡ್ರಿಲ್ ಹಿಡಿದಿರೋ ಹೊತ್ತಿಗೆ ನೀವಿಲ್ಲಿ ಬಾರ್‌ಬೆಲ್ ಬೀಳಿಸಿದ್ರೆ ಏನಾಗತ್ತೆ ಯೋಚ್ನೆ ಮಾಡಿ."

"ನಿಮಗೆ ಹಲ್ಲು ಬಿಟ್ರೆ ಬೇರೆ ಚಿಂತೆ ಇಲ್ವಾ?"

"ನೀವು ನಕ್ಕಾಗ ಕಾಣೋದು ಅದೇ ಅಲ್ವಾ."

ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. ಅವಳು ಟೇಪನ್ನು ಅಗತ್ಯಕ್ಕಿಂತ ಜೋರಾಗಿ ಎಳೆದಳು.

ಭಾರದ ಜಾಗ ಎದುರು ಗೋಡೆಗೆ ಹೋಯಿತು, ಅದರಡಿಗೆ ದಪ್ಪ ರಬ್ಬರು. ಚಾವಣಿಯಿಂದ ಹಗ್ಗ ಇಳಿಬಿಡಬೇಕೆಂದು ಅವಳು ಹಟ ಹಿಡಿದಳು. ತೊಲೆ ತಡೆಯುವುದಿಲ್ಲ ಎಂದು ಅವನು ಏಣಿ ಹತ್ತಿ ತೋರಿಸಿದ. ಅವಳು ಮುಖ ಊದಿಸಿಕೊಂಡಳು. ದೋಣಿಯ ಹುಟ್ಟು ಹಾಕಿದಂತೆ ಎಳೆಯುವ ಯಂತ್ರ ಸಾಲಾಗಿ ಬೇಕೆಂದಳು.

"ಒಂದೆರಡು ಸಾಕು. ಸರದಿ ಮೇಲೆ ಮಾಡ್ತಾರೆ. ಜಾಗ ಖಾಲಿ ಇದ್ರೆ ಜನ ಕುಣೀತಾರೆ, ಸಾಮಾನು ತುಂಬಿದ್ರೆ ಕಾಲು ಎಡವ್ತಾರೆ."

"ಸಾಮಾನು ಮಾರೋರು ನೀವು. ಬೇಡ ಬೇಡ ಅಂತಾನೇ ಇದ್ರೆ ಹೊಟ್ಟೆಪಾಡು ಹೇಗೆ?"

"ಅದನ್ನೇ ನಮ್ ಯಜಮಾನರೂ ಕೇಳ್ತಾರೆ."

ಅವಳ ಕನಸೆಲ್ಲ ಉದ್ದನೆಯ ಗೋಡೆಯಲ್ಲಿತ್ತು. ಈ ತುದಿಯಿಂದ ಆ ತುದಿಯವರೆಗೆ ಎತ್ತರದ ಕಬ್ಬಿಣದ ಚೌಕಟ್ಟು. ಜನ ಸಾಲಾಗಿ ಜೋತುಬಿದ್ದು ಗಲ್ಲ ಕಂಬಿಗೆ ತಾಗುವಂತೆ ಮೇಲೇರಬೇಕು. ಕಂಬಿಯ ಎತ್ತರ ನೋಡಲು ಅವನು ಕೈ ಮೇಲೆತ್ತಿ ನಿಂತ. ಅವಳು ಪಕ್ಕದಲ್ಲಿ ಹಾರಿ ಅವನ ಬೆರಳ ತುದಿ ಮುಟ್ಟಿದಳು. ಮುಟ್ಟಿದ ಮೇಲೆ ಇಬ್ಬರೂ ಎತ್ತರ ಎಷ್ಟೆಂದು ಮರೆತರು.

'ಇದೇನಾಗ್ತಿದೆ ನನಗೆ?' ಎಂದುಕೊಂಡಳು ಕೋಚ್. ಭಾರ ಎತ್ತುವಾಗಲೂ ಇಷ್ಟು ಏರದ ಎದೆಬಡಿತ ಒಂದು ಬೆರಳ ತುದಿಗೆ ಏರುವುದೆಂದರೆ...

ರಬ್ಬರಿನ ತುಂಡುಗಳನ್ನು ತೋರಿಸಲು ಅವನು ಮನೆಗೂ ಬರತೊಡಗಿದ. ಅವಳು ಫೋನಿನಲ್ಲಿದ್ದಾಗ ಅಮ್ಮನ ಬಳಿ ಕುಳಿತು ಹರಟುತ್ತಿದ್ದ. ಕಳೆದ ವರ್ಷ ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಅಮ್ಮನ ಮಂಡಿ ಸರಿಯಿರಲಿಲ್ಲ. ಮುರಿದಿರಲಿಲ್ಲ, ವಾಸಿಯೂ ಆಗಿತ್ತು. ಆದರೆ ಆವತ್ತಿನಿಂದ ಅಮ್ಮ ಒಂದು ತಂಬಿಗೆ ನೀರು ಎತ್ತಲೂ ಮಗಳು ಬಿಡುತ್ತಿರಲಿಲ್ಲ.

ಚೌಕಟ್ಟು ಕೂರಿಸುವ ದಿನ ಬಂತು. ಅವಳು ಹೊಸ ಬಟ್ಟೆ ತೊಟ್ಟ ಮಗುವಿನಂತೆ ಓಡೋಡಿ ಹೋದಳು. ಶಟರ್ ದಾಟಿದವಳೇ ನಿಂತುಬಿಟ್ಟಳು.

ಗೋಡೆಯ ಅರ್ಧದವರೆಗೆ ಮಾತ್ರ ಎತ್ತರದ ಚೌಕಟ್ಟು. ಕಿಟಕಿಯ ಕಡೆಯ ಉಳಿದರ್ಧದಲ್ಲಿ ಸೊಂಟದೆತ್ತರಕ್ಕೆ ಒಂದೇ ಒಂದು ಉದ್ದನೆಯ ಕಂಬಿ. ಅದರ ಮುಂದೆ ಕುರ್ಚಿಯಷ್ಟೇ ಎತ್ತರದ ಅಗಲವಾದ ಮರದ ಪೆಟ್ಟಿಗೆಗಳು. ನೆಲದಲ್ಲಿ ಮೆತ್ತನೆಯ ಚಾಪೆ.

"ಇದೇನಿದು?"

"ಸಾರ್ ಬದಲಾಯಿಸಿದ್ರು ಮೇಡಂ," ಎಂದ ಬೋಲ್ಟು ಬಿಗಿಯುತ್ತಿದ್ದ ಫಿಟ್ಟರ್. "ನಿಮಗೆ ಗೊತ್ತು ಅಂದ್ಕೊಂಡೆ."

ಅಷ್ಟರಲ್ಲಿ ಟೇಪು ಒಳಗೆ ಬಂದ. ಅವಳ ಮುಖ ನೋಡಿದೊಡನೆ ಅವನ ಮುಖ ಬಿಳಿಚಿತು.

"ನನ್ನ ಗೋಡೆ ಎಲ್ಲಿ?"

"ಹೇಳ್ತೀನಿ. ಈಗಲ್ಲ... ಸ್ವಲ್ಪ ದಿನ ಸಮಯ ಕೊಡಿ. ಬೇಡ ಅನ್ಸಿದ್ರೆ ನಾನೇ ನಿಂತು ತೆಗೆಸ್ತೀನಿ."

"ಯಾಕೆ ಮಾಡಿದ್ರಿ ಅಂತ ಕೇಳ್ತಿದ್ದೀನಿ."

"ಅದನ್ನ ಹೇಳೋ ಹಾಗಿಲ್ಲ."

ಹೇಳೋ ಹಾಗಿಲ್ಲವಂತೆ! ಅವಳ ಮೈಯೆಲ್ಲ ಉರಿಯಿತು. ಎಷ್ಟು ಜಿಮ್‌ಗಳಲ್ಲಿ ಎಷ್ಟು ಯಜಮಾನರು ಹೀಗೇ ಮಾಡಿರಲಿಲ್ಲ? ಅವಳು ಯೋಜನೆ ಹೇಳಬೇಕು, ಅವರು ತಲೆಯಾಡಿಸಬೇಕು, ಬೆಳಿಗ್ಗೆ ಬಂದು ನೋಡಿದರೆ ಅವರಿಗೆ ತೋಚಿದ್ದೇ ಆಗಿರಬೇಕು. ಇವನೊಬ್ಬ ಬೇರೆ ಎಂದುಕೊಂಡಿದ್ದಳು.

"ನನ್ನ ಕನಸಿಗೆ ಎಷ್ಟು ಗೋಡೆ ಸಾಕು ಅಂತ ನೀವು ಅಳೆಯೋದು ಬೇಡ," ಎಂದಳು ಮೆಲ್ಲಗೆ. ಕೂಗಿದ್ದರೆ ಅಳು ಬರುತ್ತಿತ್ತು. "ಉಳಿದ ಕೆಲಸಕ್ಕೆ ಅಂಗಡಿಯಿಂದ ಬೇರೆ ಯಾರನ್ನಾದ್ರೂ ಕಳಿಸಿ."

ಅವನು ಕೈಯಲ್ಲಿದ್ದ ಟೇಪನ್ನು ಸುತ್ತಿ ಜೇಬಿಗಿಟ್ಟ. ತಲೆ ತಗ್ಗಿಸಿ ಹೊರಟುಹೋದ.

ಮರುದಿನದಿಂದ ಬೇರೊಬ್ಬರು ಬಂದರು. ಹೇಳಿದ್ದಕ್ಕೆಲ್ಲ ಹೂಂ ಎಂದರು. ಯಾವುದಕ್ಕೂ ಜಗಳವಾಡಲಿಲ್ಲ. ಹಾಲು ಮುಂಚಿಗಿಂತ ದೊಡ್ಡದಾಗಿ, ಬಣಗುಟ್ಟುವಂತೆ ಕಂಡಿತು. ಆ ಕಂಬಿಯನ್ನು ತೆಗೆಸಬೇಕೆಂದು ದಿನಾ ಅಂದುಕೊಂಡಳು. ಯಾಕೋ ದಿನಾ ಮುಂದೂಡಿದಳು.

"ಟೇಪು ಯಾಕೆ ಈ ಕಡೆ ಬರ್ತಿಲ್ಲ?" ಎಂದು ಅಮ್ಮ ಕೇಳಿದರು.

"ಅವರ ಮಾತು ಎತ್ಬೇಡ ಅಮ್ಮ. ನನ್ನ ಕೇಳದೆ ಅರ್ಧ ಗೋಡೆಗೆ ಮುದುಕರ ಕಂಬಿ ಹಾಕಿಸಿದ್ದಾರೆ."

ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಅದಾದ ಒಂದೆರಡು ದಿನಕ್ಕೆ, ಬೆಳಗಿನ ಬಿಸಿಲಿನಲ್ಲಿ ಕೋಚ್ ಜಿಮ್ಮಿಗೆ ಬಂದಾಗ ಶಟರ್ ಅರ್ಧ ಮೇಲೆ ಸರಿದಿತ್ತು. ಒಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಬಗ್ಗಿ ನೋಡಿದಳು.

ಅಮ್ಮ!

ಕಂಬಿ ಹಿಡಿದು, ಮರದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು, ಏಳುತ್ತಿದ್ದರು. ಆಮೇಲೆ ಒಂದು ಮಂಡಿ ಚಾಪೆಗೆ ಊರಿದರು. ಮೆಲ್ಲಗೆ ಇನ್ನೊಂದನ್ನೂ. ಪೂರ್ತಿ ನೆಲಕ್ಕೆ ಕುಳಿತರು.

ಓಡಿಹೋಗಿ ಎತ್ತಬೇಕೆಂದು ಅವಳು ಮುಂದಡಿ ಇಟ್ಟಳು. ಆದರೆ ಅಮ್ಮನ ಮುಖದಲ್ಲಿ ಏನನ್ನೋ ಕಂಡು ಅಲ್ಲೇ ನಿಂತಳು. ಅಮ್ಮ ಒಂದು ಪಾದ ಊರಿದರು, ಕಂಬಿಗೆ ಕೈ ಚಾಚಿದರು, ಹಲ್ಲು ಕಚ್ಚಿದರು... ಎದ್ದು ನಿಂತರು! ನಿಂತು, ಯಾರೂ ಇಲ್ಲದ ಹಾಲಿನಲ್ಲಿ ಸುತ್ತ ನೋಡಿ ನಕ್ಕರು.

"ಅಮ್ಮಾ..."

"ಬಂದ್ಯಾ?" ಅಮ್ಮ ಬೆವರು ಒರೆಸಿಕೊಂಡರು. "ಬಯ್ಯೋದಾದ್ರೆ ಆಮೇಲೆ ಬಯ್ಯಿ. ಮೊದಲು ನನ್ನ ಮಾತು ಕೇಳು. ಆ ಕಂಬಿ ಹಾಕ್ಸಿದ್ದು ನಾನು."

"ನೀನಾ?"

"ನಾನೇ ಟೇಪುನ ಕೇಳ್ದೆ. ನನ್ನಂಥೋರಿಗೂ ನಿಮ್ಮ ಅಂಗಡೀಲಿ ಏನಾದ್ರೂ ಇರತ್ತಾ ಅಂತ. ಆವತ್ತು ಬಿದ್ದೆನಲ್ಲ, ನೋವಿಗಿಂತ ಹೆಚ್ಚಾಗಿ ಏಳಕ್ಕಾಗಲಿಲ್ವಲ್ಲ ಅನ್ನೋದೇ ಮನಸ್ಸಲ್ಲಿ ಕೂತುಬಿಟ್ಟಿತ್ತು. ಆಮೇಲೆ ನೆಲದ ಮೇಲೆ ಕೂರೋಕೇ ಭಯ."

"ನನಗೆ ಹೇಳ್ಬಾರದಿತ್ತಾ ಅಮ್ಮ? ನನ್ನ ಕೆಲಸವೇ ಅದು."

"ನಿನಗೆ ಹೇಳಿದ್ರೆ ಏನಂತಿದ್ದೆ?" ಅಮ್ಮ ಮಗಳ ಗಲ್ಲ ಹಿಡಿದರು. "ಕೂತ್ಕೋ ಅಮ್ಮ, ಬಿಡು ಅಮ್ಮ, ನಾನ್ ಮಾಡ್ತೀನಿ ಅಮ್ಮ. ವರ್ಷದಿಂದ ಇದೇ ಅಲ್ವಾ? ಊರೋರಿಗೆಲ್ಲ ಎದ್ದೇಳಿ ಎದ್ದೇಳಿ ಅಂತೀಯ. ನನಗೊಬ್ಬಳಿಗೆ ಕೂತ್ಕೋ ಅಂತೀಯ."

ಕೋಚ್ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣು ತುಂಬಿ ಬಂತು.

"ನಾನಾಗೇ ಒಂದು ಸಲ ನೆಲದಿಂದ ಎದ್ದು ನಿಲ್ಲೋವರೆಗೂ ನಿನಗೆ ಹೇಳ್ಬಾರದು ಅಂತ ಅವನ ಹತ್ರ ಮಾತು ತಗೊಂಡಿದ್ದೆ. ಪಾಪ, ನಿನ್ನ ಹತ್ರ ಬೈಸ್ಕೊಂಡು ಸುಮ್ಮನೆ ಹೋಗಿದ್ದಾನೆ. ನಂಗೆ ಅನ್ನ ಸೇರ್ತಿಲ್ಲ. ಅದಕ್ಕೇ ಇವತ್ತು ಎದ್ದೇ ತೀರ್ಬೇಕು ಅಂತ ಮನೇಲಿದ್ದ ಇನ್ನೊಂದು ಬೀಗದ ಕೈ ತಗೊಂಡು ಬಂದೆ."

ಅವಳು ಅಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅಳುತ್ತಲೇ ನಕ್ಕಳು.

"ಇನ್ನೊಂದ್ಸಲ ತೋರ್ಸು. ಈ ಸಲ ಬೆನ್ನು ನೆಟ್ಟಗಿರಲಿ."

"ಅಯ್ಯೋ, ಕೋಚ್ ಶುರು ಮಾಡಿದ್ಲು," ಎಂದರು ಅಮ್ಮ, ಮತ್ತೆ ಕೆಳಗೆ ಕೂರುತ್ತ.

ಅವಳು ಅಂಗಡಿಗೆ ಹೋದಾಗ ಅವನು ಒಬ್ಬ ಗಿರಾಕಿಗೆ ತಿಳಿಹೇಳುತ್ತಿದ್ದ.

"ಬಟ್ಟೆ ಒಣಗಿಸೋಕಾದ್ರೆ ಟ್ರೆಡ್‌ಮಿಲ್ ಯಾಕೆ ಸಾರ್, ಹಗ್ಗ ಕಟ್ಟಿ. ನಡೀಬೇಕು ಅಂತಿದ್ರೆ ಮನೆ ಮುಂದೆ ರಸ್ತೆ ಇದೆ."

ಗಿರಾಕಿ ನಗುತ್ತ ಹೋದ ಮೇಲೆ ಅವನು ತಿರುಗಿದ. ಅವಳನ್ನು ಕಂಡು ಏನು ಮಾಡಬೇಕೆಂದು ತೋಚದೆ ಡಂಬೆಲ್ಲುಗಳನ್ನು ಜೋಡಿಸತೊಡಗಿದ. ಅವು ಮೊದಲೇ ಜೋಡಿಸಿಯೇ ಇದ್ದವು.

"ಅಮ್ಮ ಎದ್ದು ನಿಂತ್ರು," ಎಂದಳು.

ಅವನ ಕೈ ನಿಂತಿತು. "ನೆಲದಿಂದ? ಅವರಾಗೇ?"

"ಅವರಾಗೇ."

ಅವನ ಇಡೀ ಮುಖ ಅರಳಿದ್ದನ್ನು ಅವಳು ನೋಡಿದಳು. ತನಗೆ ಬಂದ ಬೈಗುಳ, ಕೈತಪ್ಪಿದ ಜಿಮ್ಮಿನ ಕೆಲಸ, ಯಾವುದೂ ಆ ಮುಖದಲ್ಲಿರಲಿಲ್ಲ. ಅಮ್ಮ ಎದ್ದರೆಂಬ ಸಂತೋಷವೊಂದೇ ಇತ್ತು. ಅವಳ ಮನಸ್ಸಿನ ಕೊನೆಯ ಗಂಟೂ ಅಲ್ಲೇ ಬಿಚ್ಚಿಕೊಂಡಿತು.

"ಆವತ್ತು ನಾನು ಹಾಗೆ ಮಾತಾಡ್ಬಾರದಿತ್ತು. ತಪ್ಪಾಯ್ತು," ಎಂದಳು. "ಆದ್ರೆ ನಿಮ್ಮದೂ ತಪ್ಪಿದೆ. ಅಮ್ಮನಿಗೆ ಕೊಟ್ಟ ಮಾತು ಉಳಿಸ್ಕೊಂಡಿದ್ದು ಸರಿ. ನನ್ನ ಗೋಡೆ ಮುಟ್ಟೋ ಮೊದಲು ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳ್ಬೇಕಿತ್ತು. ಕಾರಣ ಹೇಳ್ದೇನೂ ಕೇಳ್ಬಹುದಿತ್ತು. ಅವರ ಮುಖ ನೋಡ್ತಾ ನೋಡ್ತಾ ನಿಮ್ಮ ಮುಖ ಮರೆತೆ." ಅವನು ತಡವರಿಸಿದ. "ಮರೆತೆ ಅಂದ್ರೆ... ಹಾಗಲ್ಲ. ಮರೆಯೋಕೆ ಆಗ್ತಿಲ್ಲ ಅನ್ನೋದೇ ಈಗಿರೋ ತೊಂದರೆ."

ಅಂಗಡಿಯ ಮೂಲೆಯಲ್ಲಿದ್ದ ಯಜಮಾನರು ಜೋರಾಗಿ ಕೆಮ್ಮಿದರು. ಅವಳು ತುಟಿ ಕಚ್ಚಿ ನಗು ತಡೆದಳು.

"ಆ ಕಂಬಿ ಇರಲಿ," ಎಂದಳು. "ಬೆಳಗಿನ ಒಂದು ತರಗತಿ ಅಮ್ಮನಂಥೋರಿಗೇ ಅಂತ ಇಡ್ತೀನಿ. ಬಂದು ಉಳಿದ ಕೆಲಸ ಮುಗಿಸಿ. ಆ ಹೊಸಬರು ಜಗಳಾನೇ ಆಡಲ್ಲ. ನನಗೆ ಬೇಜಾರಾಗ್ತಿದೆ."

ಜಿಮ್ ತೆರೆದ ದಿನ ಹಾಲು ತುಂಬಿಹೋಗಿತ್ತು. ಎತ್ತರದ ಚೌಕಟ್ಟಿನಲ್ಲಿ ಹುಡುಗಿಯರು ಜೋತುಬಿದ್ದಿದ್ದರು. ಹಲ್ಲಿನ ಡಾಕ್ಟರು ಕ್ಲಿನಿಕ್ಕಿನ ಬಿಡುವಿನಲ್ಲಿ ಬಂದು ಹುಟ್ಟು ಹಾಕುವ ಯಂತ್ರ ಎಳೆದು ಎಳೆದು ಸುಸ್ತಾದರು. ಕಿಟಕಿಯ ಬೆಳಕಿನಲ್ಲಿ, ಸೊಂಟದೆತ್ತರದ ಕಂಬಿಯ ಉದ್ದಕ್ಕೂ ಅಮ್ಮನ ವಯಸ್ಸಿನವರು ಸಾಲಾಗಿ ನಿಂತಿದ್ದರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಭಯ ಬೇಡ ಕಣ್ರೀ, ಕಂಬಿ ಓಡಿಹೋಗಲ್ಲ," ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದರು.

ಬಾಗಿಲ ಬಳಿ ಟೇಪು ಒಬ್ಬನೇ ನಿಂತು ನೋಡುತ್ತಿದ್ದ. ಕೋಚ್ ಪಕ್ಕಕ್ಕೆ ಬಂದು ನಿಂತಳು.

"ಕೆಲಸ ಮುಗೀತು ನಿಮ್ಮದು," ಎಂದಳು.

"ಹೂಂ. ನಾಳೆಯಿಂದ ಬರೋಕೆ ನೆಪ ಇಲ್ಲ."

"ನೆಪ ಬೇಕಾ?"

ಅವನು ಅವಳನ್ನೇ ನೋಡಿದ. ಒಳಗಿನ ಗದ್ದಲವೆಲ್ಲ ದೂರವಾದಂತಾಯಿತು.

"ಬೇಡ," ಎಂದ. "ನೆಪ ಇಲ್ದೇನೇ ಹೇಳ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ. ಜಗಳ ಆಡೋವಾಗ ಇನ್ನೂ ಜಾಸ್ತಿ. ಜೀವನ ಪೂರ್ತಿ ಆಡ್ಬಹುದಾ ಅಂತ..."

"ಒಂದು ಷರತ್ತು."

"ಏನು?"

"ಈ ನೀವು, ಬನ್ನಿ, ಹೋಗಿ ಎಲ್ಲ ಸಾಕಾಗಿದೆ ನನಗೆ. ಮನಸ್ಸು ಬಿಟ್ಟು ಜಗಳ ಆಡೋಕೇ ಆಗಲ್ಲ."

ಅವನು ನಕ್ಕ. ಬಾಯಿಗೆ ಬಂದ ಮಾತನ್ನು ಒಮ್ಮೆ ಒಳಗೇ ಹೇಳಿಕೊಂಡು, ಆಮೇಲೆ ಮೆಲ್ಲಗೆ ಹೊರಗೆ ಹೇಳಿದ.

"ಸರಿ... ನೀನು ನನ್ನ ಮದುವೆ ಆಗ್ತೀಯಾ?"

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಎಷ್ಟೋ ಭಾರ ಹಿಡಿದು ದೊರಗಾದ ಅಂಗೈ ಅವಳದು. ಅವನು ಅದನ್ನು ಗಟ್ಟಿಯಾಗಿ ಹಿಡಿದ.

"ಬಾ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ. "ಅಮ್ಮನ ಹತ್ರ ನೀನೇ ಹೇಳು. ನನಗೆ ನಾಚಿಕೆ ಆಗತ್ತೆ."