ಕೆಳಗೇರಿಯ ಗಾಳಿ ಮಾರಿದ ದೊರೆ

ನಮ್ಮ ಅಜ್ಜನ ಅಜ್ಜನೂ ಹುಟ್ಟುವುದಕ್ಕೆ ಮುಂಚೆ ಮಣಿಗಿರಿ ಎಂಬ ರಾಜ್ಯವೊಂದಿತ್ತು. ಅದನ್ನು ಉದಯಮಲ್ಲನೆಂಬ ದೊರೆ ಆಳುತ್ತಿದ್ದ. ಅವನ ಅರಮನೆ ಗುಡ್ಡದ ಮೇಲಿತ್ತು. ಗುಡ್ಡದ ಬುಡದಲ್ಲಿ ಬಣ್ಣಗಾರರು, ಕುಂಬಾರರು, ಚಮ್ಮಾರರು ಇರುವ ಕೆಳಗೇರಿ. ಕೆಳಗೇರಿಯ ನಡುವೆ ಒಂದು ಕೆರೆ, ಕೆರೆಯ ಸುತ್ತ ಗುಡಿಸಲುಗಳು.

ಉದಯಮಲ್ಲನಿಗೆ ತನ್ನ ಪಟ್ಟಣ ಮುಗಿಲು ಮುಟ್ಟಬೇಕೆಂಬ ಆಸೆ. ಒಂದು ದಿನ ಅವನ ಸಭೆಗೆ ಶಿಲಾಕೇಶನೆಂಬ ಮಾಂತ್ರಿಕ ಬಂದ. ಅವನ ತಲೆಗೂದಲೆಲ್ಲ ಕಲ್ಲು; ನಡೆದರೆ ಕಟಕಟ ಸದ್ದಾಗುತ್ತಿತ್ತು.

"ದೊರೆಯೇ, ನೀನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಪಟ್ಟಣ ಕಟ್ಟಿಕೊಡುತ್ತೇನೆ. ಬಂಗಾರ ಬೇಡ. ಕೆಳಗೇರಿಯ ಗಾಳಿ, ಕೆಳಗೇರಿಯ ಬಿಸಿಲು, ಕೆಳಗೇರಿಯ ನೀರು, ಇಷ್ಟು ಕೊಟ್ಟರೆ ಸಾಕು."

ದೊರೆ ನಕ್ಕ. "ಅವೇನು ನನ್ನ ಭಂಡಾರದಲ್ಲಿವೆಯೆ? ತೆಗೆದುಕೋ."

ದೊರೆ ಕಣ್ಣು ಮುಚ್ಚಿದ, ತೆರೆದ. ಉತ್ತರಕ್ಕೆ ಬೆಟ್ಟದಂಥ ಕೋಟೆಗೋಡೆ ಎದ್ದಿತ್ತು. ಪೂರ್ವಕ್ಕೆ ವರ್ತಕರಿಗಾಗಿ ಮುಗಿಲೆತ್ತರದ ಗೋಪುರ ನಿಂತಿತ್ತು. ಕೆರೆಯ ಮೇಲೆ ಕಲ್ಲುಚಪ್ಪಡಿ ಹಾಸಿ, ಅದರ ಮೇಲೆ ಒತ್ತೊತ್ತಾಗಿ ಕಲ್ಲಿನ ಮನೆಗಳು. ಆ ಮನೆಗಳನ್ನು ದೊರೆ ಕೆಳಗೇರಿಯವರಿಗೇ ಕೊಟ್ಟ. ಗುಡಿಸಲಲ್ಲಿದ್ದವರು ಕುಣಿದಾಡಿದರು. ಬಟ್ಟೆಗೆ ಬಣ್ಣ ಹಾಕುವ ಬಿಜ್ಜಲೆಯೂ ಗಂಡನ ಜೊತೆ, ಎಳೆಗೂಸು ಚಂಪಲೆಯ ಜೊತೆ ಅಲ್ಲೊಂದು ಮನೆ ಸೇರಿದಳು.

ಆಮೇಲೆ ಕೆಮ್ಮು ಬಂತು. ಕೆಳಗೇರಿಯಲ್ಲಿ ಗಾಳಿ ಅಲುಗುತ್ತಿರಲಿಲ್ಲ. ಒಲೆಯ ಹೊಗೆ ಓಣಿಯಲ್ಲೇ ನಿಂತು, ಬೆಳಗ್ಗೆ ಎದ್ದವರ ಮೂಗಿನಲ್ಲಿ ಕಪ್ಪು ಕಟ್ಟುತ್ತಿತ್ತು. ಬಿಸಿಲು ಕಾಣದ ಮಕ್ಕಳ ಕಾಲು ಬಿಲ್ಲಿನಂತೆ ಬಾಗಿದವು. ಬಾವಿಯ ನೀರು ನಾರತೊಡಗಿತು. ಬಿಜ್ಜಲೆಯ ಗಂಡ ಕೆಮ್ಮಿ ಕೆಮ್ಮಿ ಸತ್ತ. ಚಂಪಲೆ ಬೆಳೆದಳು, ಆದರೆ ಕಾಲೂರಿ ನಿಲ್ಲಲಾಗಲಿಲ್ಲ. ನೆಲದ ಮೇಲೆ ಕೂತು, ಓಣಿಯಲ್ಲಿ ಹೋಗಿ ಬರುವವರ ಪಾದ ನೋಡುತ್ತಿದ್ದಳು.

ಬಿಜ್ಜಲೆ ಮಗಳನ್ನು ಹೊತ್ತು ವೈದ್ಯ ದೇವರಸನ ಹತ್ತಿರ ಹೋದಳು.

"ನನ್ನ ಮನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರೆ ಇವಳು ಚೇತರಿಸಿಕೊಳ್ಳುತ್ತಾಳೆ," ಎಂದ ದೇವರಸ. "ನಿನ್ನ ಓಣಿಗೆ ಹೋದರೆ ಮತ್ತೆ ಮಲಗುತ್ತಾಳೆ. ರೋಗ ಮಗುವಿನಲ್ಲಿಲ್ಲ ತಾಯಿ, ಓಣಿಯಲ್ಲಿದೆ. ಓಣಿಗೆ ಕೊಡುವ ಔಷಧಿ ನನ್ನಲ್ಲಿಲ್ಲ."

ಬಿಜ್ಜಲೆ ಗುಡ್ಡ ಹತ್ತಿ ಅರಮನೆಗೆ ಹೋದಳು. ಅಲ್ಲಿ ತಂಗಾಳಿ ಬೀಸುತ್ತಿತ್ತು, ರಾಜಕುಮಾರಿ ಬಿಸಿಲಲ್ಲಿ ಚೆಂಡಾಡುತ್ತಿದ್ದಳು.

"ಮಾತು ಕೊಟ್ಟಾಗಿದೆ. ನಾನೇನು ಮಾಡಲಿ?" ಎಂದು ದೊರೆ ಮುಖ ತಿರುಗಿಸಿದ.

ಪಕ್ಕದಲ್ಲಿ ಕೂತಿದ್ದ ಶಿಲಾಕೇಶ ಗಹಗಹಿಸಿ ನಕ್ಕ. "ಕೇಳು ಹೆಣ್ಣೇ. ಗಾಳಿಯನ್ನು ಹೆಬ್ಬಾವು ನುಂಗಿದೆ, ಕೋಟೆಗೋಡೆಯೊಳಗಿದೆ. ಬಿಸಿಲನ್ನು ಗೂಬೆ ನುಂಗಿದೆ, ಗೋಪುರದ ತುದಿಯಲ್ಲಿದೆ. ನೀರನ್ನು ಕಪ್ಪೆ ನುಂಗಿದೆ, ಚಪ್ಪಡಿಯ ಕೆಳಗಿದೆ. ಅವು ಹಿಡಿದಿಟ್ಟಿರುವುದರಿಂದಲೇ ನಾನು ಬದುಕಿದ್ದೇನೆ. ಹೋಗು, ಬಿಡಿಸು. ನಿನ್ನನ್ನು ನಾನು ತಡೆಯುವುದಿಲ್ಲ. ನಿನ್ನ ಊರಿನವರೇ ತಡೆಯುತ್ತಾರೆ."

ಬಿಜ್ಜಲೆ ಮೊದಲು ಕೋಟೆಗೋಡೆಗೆ ಹೋದಳು. ಕಲ್ಲಿನ ಸಂದಿನಲ್ಲಿ ಹೆಬ್ಬಾವಿನ ಕಣ್ಣು ಕಂಡಿತು.

"ತಂಗೀ, ನನಗೂ ಉಸಿರು ಕಟ್ಟಿದೆ," ಎಂದಿತು ಹೆಬ್ಬಾವು. "ನನ್ನ ಬಾಯಿಗೆ ಅಡ್ಡ ಇಟ್ಟಿರುವ ಈ ಕಲ್ಲು ಕೀಳು."

ಅವಳು ಕಲ್ಲಿಗೆ ಕೈ ಹಾಕುತ್ತಲೇ ಕಾವಲುಗಾರ ಓಡಿಬಂದು ಚಾವಟಿ ಬೀಸಿದ. "ಇದು ದೊರೆಯ ಗೋಡೆ! ಬಿಡು ಕೈ!"

ಬಿಜ್ಜಲೆ ಕೈ ಬಿಡಲಿಲ್ಲ. ಬೆನ್ನು ಸೀಳಿ ರಕ್ತ ಇಳಿಯಿತು. ಏಟುಗಳ ನಡುವೆ ಅವಳು ಕೇಳಿದಳು: "ನಿನ್ನ ಮನೇಲಿ ಯಾರೂ ಕೆಮ್ಮಲ್ವೇನಪ್ಪಾ?"

ಕಾವಲುಗಾರನ ಕೈ ನಿಂತಿತು. ಅವನ ತಾಯಿ ಕೆಮ್ಮುತ್ತಿದ್ದಳು. ಅವನು ಆಚೆ ತಿರುಗಿ ನಿಂತ. ಕಲ್ಲು ಕಿತ್ತು ಬಂತು. ಹೆಬ್ಬಾವು ಬಾಯಿ ತೆರೆಯಿತು. ಹತ್ತು ಆಳೆತ್ತರದ ಗೋಡೆ ಬಿರಿದು, ಗಾಳಿ ಕೆಳಗೇರಿಯ ಓಣಿ ಓಣಿಗೂ ನುಗ್ಗಿತು. ಕಾವಲುಗಾರನನ್ನು ಮರುದಿನವೇ ದೊರೆ ಗಡೀಪಾರು ಮಾಡಿಸಿದ.

ಆಮೇಲೆ ಬಿಜ್ಜಲೆ ಗೋಪುರ ಹತ್ತಿದಳು. ಪ್ರತಿ ಅಂತಸ್ತಿನಲ್ಲೂ ವರ್ತಕರ ಹೆಂಡಿರು ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡರು. ಒಬ್ಬಳು ಕುದಿವ ನೀರು ಚೆಲ್ಲಿದಳು. ತುದಿಯಲ್ಲಿ ಆನೆಗಾತ್ರದ ಗೂಬೆ ಕೂತಿತ್ತು, ಅದರ ಎರಡು ಕಣ್ಣಲ್ಲೂ ಬಿಸಿಲು ಉರಿಯುತ್ತಿತ್ತು.

"ರೆಪ್ಪೆ ಮಿಟುಕಿಸದೆ ನನ್ನನ್ನು ನೋಡು. ನೀನು ಗೆದ್ದರೆ ಬಿಸಿಲು ನಿನ್ನದು. ಆದರೆ ನಿನ್ನ ಕಣ್ಣು ಮತ್ತೆ ಬಣ್ಣ ಕಾಣುವುದಿಲ್ಲ," ಎಂದಿತು ಗೂಬೆ.

ಬಣ್ಣವೇ ಬಿಜ್ಜಲೆಯ ಅನ್ನ. ಆದರೂ ನೋಡಿದಳು. ಗೂಬೆ ಕೊನೆಗೆ ರೆಪ್ಪೆ ಮುಚ್ಚಿತು. ಗೋಪುರ ಅರ್ಧಕ್ಕೆ ಕುಸಿದು ಬಾಗಿತು, ಯಾರಿಗೂ ಗಾಯವಾಗಲಿಲ್ಲ, ಬಿಸಿಲು ಕೆಳಗೇರಿಗೆ ಇಳಿಯಿತು. ಅವಳು ಮನೆಗೆ ಬಂದಾಗ ಮಂಜಿಷ್ಠದ ಬೇರಿನ ಕೆಂಪು, ನೀಲಿಗಿಡದ ನೀಲಿ, ಎಲ್ಲವೂ ಬೂದಿಯ ಹಾಗೆ ಕಂಡವು. ಆದರೆ ಅಂಗಳದ ಬಿಸಿಲಲ್ಲಿ ಚಂಪಲೆ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಅವ್ವಾ, ನೋಡು!" ಎಂದಳು.

ಬಿಜ್ಜಲೆ ನೋಡಿದಳು, ನಕ್ಕಳು. ನಗುತ್ತಲೇ ಹಳೇ ಬಾವಿಗೆ ಇಳಿದಳು.

ಬಾವಿಯ ತಳದಲ್ಲಿ, ಚಪ್ಪಡಿಯ ಕೆಳಗೆ, ಕೆರೆಯಷ್ಟೇ ದೊಡ್ಡ ಕಪ್ಪೆ ಕೂತಿತ್ತು. ಅದು ದುಃಖದಿಂದ ಹೇಳಿತು: "ನಾನು ಬಾಯಿ ತೆರೆದರೆ ಮೇಲಿನ ಮನೆಗಳೆಲ್ಲ ಬೀಳುತ್ತವೆ. ಜನರನ್ನು ಕೊಲ್ಲುವ ಮನಸ್ಸು ನನಗಿಲ್ಲ. ಅವರೆಲ್ಲ ಹೊರಗೆ ಬಂದು, ತಾವಾಗಿ 'ಬಿಡು' ಅನ್ನಲಿ."

ಬಿಜ್ಜಲೆ ಮನೆಮನೆಯ ಬಾಗಿಲು ತಟ್ಟಿದಳು. ಯಾರೂ ಒಪ್ಪಲಿಲ್ಲ. ಕುಂಬಾರರ ಹೊನ್ನವ್ವೆ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಹುಟ್ಟಿದಾಗಿಂದ ಸೋರೋ ಗುಡಿಸಲಲ್ಲಿ ಬದುಕಿದೋಳು ನಾನು. ಈಗ ತಲೆ ಮೇಲೆ ಸೂರಿದೆ. ಇದು ಬಿದ್ರೆ ದೊರೆ ಇನ್ನೊಂದು ಕೊಡ್ತಾನಾ? ನಿನ್ನ ಮಗಳಿಗೋಸ್ಕರ ನನ್ನ ಮಕ್ಕಳನ್ನ ಬೀದಿಗೆ ತರಲಾ?"

ಬಿಜ್ಜಲೆ ಆ ದಿನ ಹಿಂದಿರುಗಿದಳು. ಮತ್ತೆ ಹೋದಳು, ಕಾಲು ಹಿಡಿದಳು, ಬೈದಳು, ಅತ್ತಳು. ಅಷ್ಟರಲ್ಲಿ ಬಾವಿಯ ಕೊಳೆನೀರಿನಿಂದ ಕೆಳಗೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಹಿಡಿದದ್ದು ಚಂಪಲೆಯನ್ನು. ಗೋಡೆ ಹಿಡಿದು ನಿಲ್ಲಲು ಕಲಿತ ಮಗು ನಡುಮಧ್ಯಾಹ್ನ, ತಾಯಿಯ ತೊಡೆಯ ಮೇಲೆ, ನೀರು ನೀರು ಎನ್ನುತ್ತ ಸತ್ತಿತು. ಕುಡಿಸಲು ಬಿಜ್ಜಲೆಯ ಬಳಿ ಇದ್ದದ್ದು ಅದೇ ಬಾವಿಯ ನೀರು.

ಮರುದಿನ ಹೊನ್ನವ್ವೆಯ ಕಿರಿಮಗ ಹೋದ.

ಅವನನ್ನು ಮಣ್ಣು ಮಾಡಿ ಬಂದ ಹೊನ್ನವ್ವೆ ಬಿಜ್ಜಲೆಯ ಬಾಗಿಲಿಗೆ ಬಂದು ನಿಂತಳು. "ಬಿಡು ಅಂತ ನಾನು ಹೇಳ್ತೀನಿ," ಎಂದಳು. "ಮೊದಲೇ ಹೇಳಬೇಕಿತ್ತು."

ಬಿಜ್ಜಲೆ ಅವಳ ಮುಖ ನೋಡಲಿಲ್ಲ. ಆದರೆ ಎದ್ದು ಹೋಗಿ, ಅವಳ ಪಾತ್ರೆ ಪಡಗ ಹೊರಗೆ ಸಾಗಿಸಲು ಕೈ ಜೋಡಿಸಿದಳು. ಅದನ್ನು ನೋಡಿ ಪಕ್ಕದ ಮನೆಯವರು ಹೊರಬಿದ್ದರು, ಅವರನ್ನು ನೋಡಿ ಅವರ ಪಕ್ಕದವರು. ಕೊನೆಗೆ ಇಡೀ ಕೆಳಗೇರಿ ಬಯಲಲ್ಲಿ ನಿಂತು ಒಂದೇ ದನಿಯಲ್ಲಿ ಕೂಗಿತು: "ಬಿಡು!"

ಕಪ್ಪೆ ಬಾಯಿ ತೆರೆಯಿತು. ಚಪ್ಪಡಿಗಳು ಎದ್ದು ಬಿದ್ದವು, ದಂಡೆಯ ಒಂದು ಓಣಿ ಬಿಟ್ಟು ಮನೆಗಳೆಲ್ಲ ಮುಳುಗಿದವು, ಕೆರೆ ತುಂಬಿ ಹೊಳೆಯಿತು. ಗುಡ್ಡದ ಮೇಲೆ ಶಿಲಾಕೇಶ ಕೂತಲ್ಲೇ ಸುಣ್ಣದ ಪುಡಿಯಾದ. ಗಾಳಿ ಅವನನ್ನು ಹಾರಿಸಿಕೊಂಡು ಹೋಯಿತು.

ದೊರೆ ಪಲ್ಲಕ್ಕಿಯಲ್ಲಿ ಇಳಿದುಬಂದ. ಬಯಲಲ್ಲಿ ನೆರೆದ ಜನರನ್ನು ಕಂಡು ಹೆದರಿದ. "ಮಾಂತ್ರಿಕ ನನಗೂ ಮೋಸ ಮಾಡಿದ," ಎಂದ. "ಬಿಜ್ಜಲೆ, ಏನು ಬೇಕು ಕೇಳು."

"ಚಂಪಲೆಯನ್ನ ಕೊಡಿ," ಎಂದಳು ಬಿಜ್ಜಲೆ.

ದೊರೆ ತಲೆ ತಗ್ಗಿಸಿದ.

"ಆಗಲ್ಲ ಅಂದ್ರೆ ಇದನ್ನ ಕೊಡಿ. ಈ ಜನಕ್ಕೆ ಗಾಳಿ ಬೀಸೋ ಕಡೆ, ಬಿಸಿಲು ಬೀಳೋ ಕಡೆ ಮನೆ ಕಟ್ಟಿಸಿ. ಕಟ್ಟಿ ಮುಗಿಯೋವರೆಗೂ ಅವರು ನಿಮ್ಮ ಅರಮನೇಲಿ ಇರ್ತಾರೆ, ನೀವು ಇಲ್ಲಿ, ಉಳಿದಿರೋ ಈ ಓಣಿಯಲ್ಲಿ ಇರಿ."

ಜನ ಹೋ ಎಂದರು. ದೊರೆಗೆ ಬೇರೆ ದಾರಿಯಿರಲಿಲ್ಲ. ಹೊಸ ಮನೆಗಳು ಏಳುವವರೆಗೆ ಓಣಿಯ ಧೂಳು, ಹೊಗೆಯಲ್ಲಿ ಒಂದು ಬೇಸಗೆ ಕಳೆದು, ಕೆಮ್ಮುತ್ತಲೇ ವಾಪಸು ಹೋದ. ಆಮೇಲೆ ಅವನು ಗೋಡೆ ಕಟ್ಟಿಸುವ ಮಾತೆತ್ತಲಿಲ್ಲ. ಗಡೀಪಾರಾಗಿದ್ದ ಕಾವಲುಗಾರನನ್ನು ಕರೆಸಿಕೊಂಡರು, ಆದರೆ ಅವನ ತಾಯಿ ಉಳಿದಿರಲಿಲ್ಲ.

ಹೊಸ ಓಣಿಗಳು ಅಗಲವಾದವು. ಕೆರೆಯ ದಂಡೆಯಲ್ಲಿ ಹೊಂಗೆಮರಗಳು ಬೆಳೆದವು. ಅಲ್ಲಿ ಹುಟ್ಟಿದ ಮಕ್ಕಳ ಕಾಲು ನೆಟ್ಟಗಿದ್ದವು. ಊರು ಹಿಂದೆಯೂ ಹೀಗೇ ಇತ್ತೆಂದು ಅವರು ತಿಳಿದಿದ್ದರು. ಕೆಳಗೇರಿಯ ಜನ ಉಂಡು, ಉಟ್ಟು, ನಗುನಗುತ್ತ ಬಹುಕಾಲ ಬಾಳಿದರು.

ಮುದುಕಿಯಾದ ಬಿಜ್ಜಲೆ ದಿನಾ ಸಂಜೆ ದಂಡೆಯ ಮೇಲೆ ಬಂದು ಕೂರುತ್ತಿದ್ದಳು. ಒಂದು ಸಂಜೆ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದು ಎದುರಿಗೆ ನಿಂತಳು.

"ಅಜ್ಜೀ, ಸ್ವಲ್ಪ ಆ ಕಡೆ ಸರಿ. ನಾವು ಓಡಬೇಕು."

ಬಿಜ್ಜಲೆ ಸರಿದು ಕೂತಳು.